ಗುರುತಿಲ್ಲದ ಕಡಿತ

೧೨ ಜುಲೈ ೧೯೫೯, ರವಿವಾರ

ನೆಂಟರೆಲ್ಲ ಇಂದು ಹೋದರು. ಮನೆ ಖಾಲಿಯಾಯಿತು ಎಂದು ಬರೆಯಬೇಕು, ಆದರೆ ಹಾಗೇನೂ ಆಗಿಲ್ಲ. ಇವರ ಅಣ್ಣ ದ್ಯಾಮಪ್ಪ ಭಾವ, ಅವರ ಹೆಂಡತಿ ನನ್ನ ನೆಗೆಣ್ಣಿ ಹೊಳೆವ್ವ, ಅವರ ಇಬ್ಬರು ಹೆಣ್ಣುಮಕ್ಕಳು, ಎತ್ತು, ಎಮ್ಮೆ, ಎಲ್ಲರೂ ಇದ್ದಲ್ಲೇ ಇದ್ದಾರೆ. ಇವರೊಬ್ಬರಿಲ್ಲ.

ಇವರು ಕಲಿಸುತ್ತಿದ್ದ ಶಾಲೆಯಿಂದ ಇವರ ಪೆಟ್ಟಿಗೆ ತಂದುಕೊಟ್ಟರು. ಅದರಲ್ಲಿ ಏನೂ ಬರೆಯದ ಈ ವಹಿ ಇತ್ತು. ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ತವರಿಗೆ ಕಾಗದ ಬರೆದದ್ದು ಬಿಟ್ಟರೆ ನಾನು ಏನೂ ಬರೆದವಳಲ್ಲ. ಈಗ ಯಾರೊಂದಿಗೂ ಆಡಲಾಗದ ಮಾತು ಬಹಳ ಇದೆ.

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಇವರು ತೀರಿಕೊಂಡ ಹಿಂದಿನ ರಾತ್ರಿ ನಮ್ಮ ಕೋಣೆ ಸೋರುತ್ತಿತ್ತು. ನಾನು ಹೊಳೆವ್ವನ ಮಕ್ಕಳೊಂದಿಗೆ ಒಳಗೆ ಮಲಗಿದೆ. ಇವರು ಪಡಸಾಲೆಯಲ್ಲಿ ಭತ್ತದ ಚೀಲಗಳ ಮಗ್ಗುಲಿಗೆ ಚಾಪೆ ಹಾಸಿಕೊಂಡರು. ಊಟಕ್ಕೆ ರೊಟ್ಟಿ, ಅಣಬೆ ಪಲ್ಯ. ಬೆಳಕು ಹರಿಯುವ ಮೊದಲೇ ಎದ್ದು ಹೊಟ್ಟೆನೋವೆಂದರು. ಜೀರಿಗೆ ಕಷಾಯ ಕೊಟ್ಟರೆ ತುಟಿಯಂಚಿನಿಂದ ಸುರಿದುಹೋಯಿತು. "ಕಣ್ಣ ತೆರಿಯಾಕ ಆಗವಲ್ದು ನೋಡು" ಎಂದರು. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡೆ. ಮಾತು ಕುಡಿದವರ ಹಾಗೆ ತೊದಲಿತು, ಆಮೇಲೆ ಮಾತೇ ಇಲ್ಲ. ಕಣ್ಣು ಮುಚ್ಚಿ ಮಲಗಿಬಿಟ್ಟರು. ಎದೆ ಮಾತ್ರ ಸಣ್ಣಗೆ ಏಳುತ್ತಿತ್ತು. ಮಧ್ಯಾಹ್ನ ಅದೂ ನಿಂತಿತು. ಮೈಮೇಲೆ ಗಾಯವಿಲ್ಲ, ಬಾವಿಲ್ಲ, ಜ್ವರವೂ ಇರಲಿಲ್ಲ.

ಇವರಿನ್ನೂ ಉಸಿರಾಡುತ್ತಿರುವಾಗಲೇ ಹೊಳೆವ್ವ ಚಾಪೆಯ ಆಚೆ ನಿಂತು ಕೇಳಿದಳು: "ಏನ ತಿನಿಸಿದಿ ಮಾಸ್ತರಗ?"

"ಅಣಬಿ ಪಲ್ಯ. ನಾನೂ ತಿಂದೇನಿ ಅಕ್ಕಾ."

"ನೀ ತಿಂದು ನೆಟ್ಟಗ ನಿಂತಿ. ಅವ ಬಿದ್ದಾನ."

ಅವಳ ದನಿ ಏರಿತು, ನನ್ನದೂ ಏರಿತು. ಅಣಬೆ ತಂದುಕೊಟ್ಟವಳು ಅಗ್ನೆಸ್, ಆ ಸಿದ್ದಿ ಅದರಾಗ ಏನ ಬೆರೆಸಿ ಕೊಟ್ಟಾಳೋ ನನಗೇನ ಗೊತ್ತು ಎಂದುಬಿಟ್ಟೆ. ಅಗ್ನೆಸ್ ಸಿದ್ದಿ ಜನದವಳು, ಕೆರೆಯಾಚೆ ಇರುವವಳು, ಅವಳ ಗಂಡ ಸಂತಾನ ನಮ್ಮ ಗದ್ದೆಯ ಆಳು. ಅವರ ಮಗಳು ಕ್ರಿಸ್ತಿನಾಳನ್ನು ಇವರೇ ಕೈಹಿಡಿದು ಶಾಲೆಗೆ ಕರೆತಂದಿದ್ದರು. ಅಣಬೆ ತಂದುಕೊಟ್ಟದ್ದಂತೂ ಅವಳೇ. ಅದರಲ್ಲಿ ಸುಳ್ಳೇನಿದೆ?

೧೫ ಜುಲೈ

ಪೊಲೀಸ್ ಪಾಟೀಲರು ಬಂದು ಭಾವನ ಜೊತೆ ಚಹಾ ಕುಡಿದು ಹೋದರು. ಸತ್ತ ದಿನವೇ ಹೆಣ ಕೊಯ್ಯಿಸಬೇಕಿತ್ತಂತೆ. "ನನ್ನ ತಮ್ಮನ್ನ ಕೊಯ್ಯಾಕ ಕೊಡತೇನೇನ್ರಿ?" ಎಂದು ಭಾವ ಕೇಳಿದ್ದು ಒಳಗೆ ಕೇಳಿಸಿತು. ಮಣ್ಣಿಗೆ ಹೋದದ್ದನ್ನು ಇನ್ನು ಯಾರು ಕೇಳುತ್ತಾರೆ? ಇನ್ನು ಯಾವ ಕಾಲಕ್ಕೂ ಏನೂ ಗೊತ್ತಾಗುವುದಿಲ್ಲ.

೧೯ ಜುಲೈ

ನಾಟಿ ನಡೆದಿದೆ. ಸಂತಾನನನ್ನು ಯಾರೂ ಗದ್ದೆಗೆ ಕರೆಯುತ್ತಿಲ್ಲ. ಅಗ್ನೆಸ್ ಮದ್ದು ಹಾಕಿದಳು ಎಂದು ಊರೆಲ್ಲ ಮಾತು. ಬಾವಿಯ ಹತ್ತಿರ ಅವಳ ಕೊಡ ಒಡೆದರಂತೆ.

ಇವತ್ತು ಅವಳು ಹಿತ್ತಲ ಬೇಲಿಯ ಆಚೆ ಬಂದು ನಿಂತಳು. ಸೀರೆಯೆಲ್ಲ ತೊಯ್ದಿತ್ತು.

"ಬಾಯಾರ, ನೀವ ಒಂದ ಮಾತ ಹೇಳ್ರಿ. ನೀವೂ ತಿಂದೀರಿ ಅಂತ ಹೇಳ್ರಿ. ಮಾಸ್ತರಗ ನಾ ಯಾಕ ಕೆಟ್ಟ ಮಾಡ್ಲಿ? ನನ್ನ ಮಗಳಿಗೆ ಅಕ್ಷರ ಕೊಟ್ಟಾರ."

ಪಡಸಾಲೆಯಲ್ಲಿ ಹೊಳೆವ್ವ ಇದ್ದಳು. ನಾನು ಏನೂ ಹೇಳದೆ ಒಳಗೆ ಬಂದೆ. ನನ್ನ ಮಾತಿಗೆ ಈ ಮನೆಯಲ್ಲಿ ಏನು ಬೆಲೆ?

ಒಂದು ಸಮಾಧಾನ. ನಾಲ್ಕಾರು ದಿನಗಳಿಂದ ಹೊಳೆವ್ವ ನನ್ನನ್ನು ಚುಚ್ಚಿಲ್ಲ. ಇಂದು ತಾನೇ ತಾಟು ಹಚ್ಚಿ ಊಟಕ್ಕೆ ಕರೆದಳು.

೨೭ ಜುಲೈ

ಅಗ್ನೆಸ್‌ಳ ಗುಡಿಸಲಿನ ಹುಲ್ಲು ಯಾರೋ ಕಿತ್ತು ಹಾಕಿದರಂತೆ. ಸುರಿಯುವ ಮಳೆ. ಅವರು ಸಾಮಾನು ಹೊತ್ತು ಸೂಪಾದ ಕಡೆ ಹೋದರು, ಬಿದಿರು ಕಡಿಯುವ ಕೂಪಿಗೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೋಗುತ್ತದಲ್ಲ, ಅಲ್ಲಿ ಕೆಲಸಕ್ಕೇನೂ ಕೊರತೆ ಇರಲಾರದು.

೯ ಆಗಸ್ಟ್, ನಾಗರಪಂಚಮಿ

ಹೆಂಗಸರೆಲ್ಲ ಮಣ್ಣಿನ ನಾಗಪ್ಪನಿಗೆ ಹಾಲೆರೆಯಲು ಹೋದರು. "ನೀ ಮನ್ಯಾಗ ಇರು" ಎಂದಳು ಹೊಳೆವ್ವ. ತಂಬಿಟ್ಟಿನ ಉಂಡೆ ನಾನೇ ಕಟ್ಟಿದ್ದೆ. ಅವುಗಳನ್ನು ಅವಳು ತನ್ನ ಮಕ್ಕಳಿಗೆ ಕೊಡಲಿಲ್ಲ. ದನದ ಮುಂದೆ ಹಾಕಿದ್ದನ್ನು ಕಂಡೆ.

ಅಗ್ನೆಸ್ ಹೋದ ಮೇಲೆ ಮಾತು ತಿರುಗಿ ನನ್ನ ಮೇಲೆಯೇ ಬಂದಿದೆ. ಮದ್ದು ಕೊಟ್ಟವಳು ಅವಳಾದರೆ ತಿನಿಸಿದವಳು ಯಾರು ಎನ್ನುತ್ತಾರೆ.

೨೦ ಆಗಸ್ಟ್

ಗಂಜಿ ಚೆಲ್ಲಿ ಕೈ ಸುಟ್ಟುಕೊಂಡಿದ್ದೆ. ಕೀವಾಗಿ ಮಣಿಕಟ್ಟಿನವರೆಗೆ ಬಾತಿತು. ಭಾವ ಗೊಬ್ಬರಕ್ಕೆಂದು ಹಳಿಯಾಳಕ್ಕೆ ಗಾಡಿ ಕಟ್ಟಿದಾಗ ನನ್ನನ್ನೂ ದವಾಖಾನೆಗೆ ಬಿಟ್ಟರು.

ಅಲ್ಲಿನ ಡಾಕ್ಟರು ಹಳದೀಪುರ ಎಂಬವರು, ಘಟ್ಟದ ಕೆಳಗಿನವರು. ಅವರ ಕೋಣೆಯ ಹಲಗೆಯ ಮೇಲೆ ಸಾಲಾಗಿ ಗಾಜಿನ ಭರಣಿಗಳು, ಒಳಗೆ ಸತ್ತ ಹಾವುಗಳು. ನಾನು ಮುಖ ತಿರುಗಿಸಿದೆ.

"ಹೆದರಬೇಡಿ. ಜನ ಹಾವು ಹೊಡೆದು ಸುಡ್ತಾರೆ. ಸುಡುವ ಮೊದಲು ನನಗೆ ತಂದು ತೋರಿಸಿ ಅಂತ ಹೇಳಿದ್ದೇನೆ. ಕಚ್ಚಿದ್ದು ಯಾವುದು ಅಂತ ತಿಳಿಯದಿದ್ದರೆ ನಾನು ಕುರುಡನ ಹಾಗೆ" ಎಂದರು, ನನ್ನ ಕೈ ತೊಳೆಯುತ್ತ. ಬೆರಳು ತೋರಿಸಿ ಹೆಸರು ಹೇಳಿದರು. ಇದು ಕೊಳಕುಮಂಡಲ, ಕಚ್ಚಿದ ಜಾಗ ಬಾತು ಕಪ್ಪಾಗುತ್ತದೆ. ಇದು ನಾಗರ. ಇದು ಕೇರೆ, ಪಾಪದ್ದು. ಕೊನೆಯ ಭರಣಿಯಲ್ಲಿ ಕರಿಯ ಸಣಕಲು ಹಾವು, ಮೈಮೇಲೆ ಬಿಳಿ ದಾರ ಸುತ್ತಿದ ಹಾಗೆ ಪಟ್ಟಿ.

"ಇದು ಕಟ್ಟುಹಾವು. ಮಳೆಗಾಲದಲ್ಲಿ ಇಲಿ ಹುಡುಕುತ್ತ ಮನೆಯೊಳಗೆ ಬರ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ. ಹಲ್ಲು ಮುಳ್ಳಿನಷ್ಟು ಸಣ್ಣದು. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ."

ನಾನು ಕೇಳಿದೆ: "ಹೊಟ್ಟಿ ನೋಯತೈತೇನ್ರಿ?"

ಅವರು ತಿರುಗಿ ನೋಡಿದರು. "ಯಾರಿಗೆ ನೋಯ್ತು? ಕಣ್ಣಿನ ರೆಪ್ಪೆ ಇಳಿದಿತ್ತಾ? ಎಂಜಲು ನುಂಗಲು ಆಗ್ತಿರಲಿಲ್ಲವಾ? ಮಾತು ತೊದಲಿತಾ?"

ನಮ್ಮ ಪಡಸಾಲೆಯಲ್ಲಿ ಅವರೇ ನಿಂತು ನೋಡಿದ ಹಾಗೆ ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಹೌದೆಂದೆ, ಅಣಬೆಯ ವಿಷಯವನ್ನೂ ಹೇಳಿದೆ. ಕಾಣದ ರೋಗಿಯ ಬಗ್ಗೆ ಆಣೆ ಹಾಕಿ ಹೇಳಲಾರೆ ಎಂದರು. "ಆದರೆ ವಿಷದ ಅಣಬೆಯಾಗಿದ್ದರೆ ವಾಂತಿ, ಭೇದಿ ಆಗಬೇಕಿತ್ತು. ರೆಪ್ಪೆ ಇಳಿಯುತ್ತಿರಲಿಲ್ಲ."

ದಾರಿಯುದ್ದಕ್ಕೂ ಒಂದೇ ಸಂತೋಷ: ನಾನಲ್ಲ, ನಾನಲ್ಲ. ಸಂತೋಷ ಎಂದು ಬರೆಯುವುದು ತಪ್ಪು. ಬೇರೆ ಶಬ್ದ ಸಿಗುತ್ತಿಲ್ಲ.

೨೩ ಆಗಸ್ಟ್

ಊಟದ ನಂತರ ಭಾವನಿಗೂ ಹೊಳೆವ್ವನಿಗೂ ಎಲ್ಲ ಹೇಳಿದೆ. ಭಾವನ ಎದುರು ಇಷ್ಟು ಮಾತಾಡಿದ್ದು ಮದುವೆಯಾಗಿ ಬಂದ ಮೇಲೆ ಇದೇ ಮೊದಲು.

"ಹಾವ ಕಡದರ ಗುರುತ ಇರಬಾರದೇನ?" ಎಂದರು ಭಾವ.

"ಡಾಕ್ಟರ ಕಡೆ ಹೋಗಿ ಕತಿ ಕಲತ ಬಂದಾಳ" ಎಂದಳು ಹೊಳೆವ್ವ.

ಭತ್ತದ ಚೀಲ ಹೊರಗೆ ಹಾಕೋಣ, ಎಲ್ಲರೂ ಹೊರಸಿನ ಮೇಲೆ ಮಲಗೋಣ ಎಂದೆ. ಈ ಮನೆಯಲ್ಲಿ ಅಜ್ಜನ ಕಾಲದಿಂದ ನೆಲದ ಮೇಲೇ ಮಲಗಿದ್ದಾರಂತೆ.

೨೯ ಆಗಸ್ಟ್

ಕೆರೆ ದಂಡೆಯಲ್ಲಿ ಯಾರೋ ಹಾವು ಹೊಡೆದರೆಂದು ಕೇಳಿ ಓಡಿದೆ. ಕರಿಮೈ, ಬಿಳಿ ಪಟ್ಟಿ! ಇವನೇ, ಇವನೇ ಎಂದು ಅಲ್ಲಿಯೇ ಅತ್ತೆ. ಜನ ನೋಡುತ್ತಿದ್ದರು. ಕೋಲಿನಿಂದ ಎತ್ತಿ ಹಳೆಯ ಗಡಿಗೆಗೆ ಹಾಕಿ, ಹಳಿಯಾಳಕ್ಕೆ ಮರದ ದಿಮ್ಮಿ ಹೊತ್ತು ಹೊರಟ ನಾಟಾ ಲಾರಿ ಹತ್ತಿದೆ.

ಡಾಕ್ಟರು ನೋಡಿ ತಲೆಯಾಡಿಸಿದರು. "ಇದು ತೋಳಹಾವು. ವಿಷವೇ ಇಲ್ಲ. ಎಲ್ಲರೂ ಮೋಸಹೋಗ್ತಾರೆ." ನನ್ನ ಬೆರಳು ಹಿಡಿದು ಇದನ್ನೂ ಭರಣಿಯ ಕಟ್ಟುಹಾವನ್ನೂ ತೋರಿಸಿದರು. ತೋಳಹಾವಿನ ಪಟ್ಟಿ ಕತ್ತಿನ ಹತ್ತಿರ ದಟ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತದೆ. ಕಟ್ಟುಹಾವಿನದು ತಲೆಯ ಹತ್ತಿರ ಇಲ್ಲವೆನ್ನುವಷ್ಟು, ಬಾಲದ ಕಡೆಗೆ ಸ್ಪಷ್ಟ, ಜೋಡಿಜೋಡಿ. ಎಲ್ಲಕ್ಕಿಂತ ಖಾತ್ರಿಯೆಂದರೆ ಬೆನ್ನ ನಡುವಿನ ಹುರುಪೆ. ಕಟ್ಟುಹಾವಿಗೆ ಬೆನ್ನುದ್ದಕ್ಕೂ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲು. ಮೊದಲ ಸಲ ಹಾವಿನ ಮೈ ಮುಟ್ಟಿದೆ. ತಣ್ಣಗೆ, ಒಣಗಿದ ಹುಣಸೆ ಬೀಜದ ಹಾಗೆ ನುಣುಪು.

ಪಾಪದ ಪ್ರಾಣಿಗೆ ಅಷ್ಟು ಶಾಪ ಹಾಕಿಬಿಟ್ಟೆ.

೧೪ ಸೆಪ್ಟೆಂಬರ್

ಈಗ ಯಾರ ಹಿತ್ತಲಲ್ಲಿ ಹಾವು ಸತ್ತರೂ ಹೋಗಿ ನೋಡುತ್ತೇನೆ. ನೀರುಹಾವಿನ ಹುರುಪೆಗೆ ನಡುವೆ ಒಂದು ಗೆರೆ ಎದ್ದಿರುತ್ತದೆ, ಅದಕ್ಕೇ ಒರಟು. ಹಸಿರುಹಾವು ಕಣ್ಣು ಕುಕ್ಕುವುದಿಲ್ಲ. ಮಣ್ಣುಮುಕ್ಕನಿಗೆ ಎರಡು ತಲೆ ಇಲ್ಲ, ಬಾಲವೇ ಮೊಂಡು. ಬಣವೆಯ ಹತ್ತಿರ ಜೀವಂತ ಕೇರೆಯೊಂದನ್ನು ಬಹಳ ಹೊತ್ತು ನೋಡಿದೆ. ಅದು ನಾಲಗೆ ಆಡಿಸಿ ಗಾಳಿಯನ್ನು ಮೂಸುತ್ತಿತ್ತು. ನಾನು ಅಲುಗಾಡಲಿಲ್ಲ, ಅದೂ ಅವಸರ ಮಾಡಲಿಲ್ಲ.

ಮಾಸ್ತರನ ಹೆಂಡತಿ ಹಾವು ಸಾಕಿದ್ದಾಳೆ ಎಂದು ಮಾತಾಗಿದೆಯಂತೆ. ಬಾವಿಯ ಹತ್ತಿರ ನಾನು ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುತ್ತಾರೆ. ನೀರು ಬೇಗ ಸಿಗುತ್ತದೆ.

೨೨ ಸೆಪ್ಟೆಂಬರ್, ಹಳಿಯಾಳ ದವಾಖಾನೆ

ಸ್ವಲ್ಪ ಬಿಡುವು ಸಿಕ್ಕಿದೆ, ಬರೆದಿಡುತ್ತೇನೆ.

ನಸುಕಿನಲ್ಲಿ ಹೊಳೆವ್ವ ಹೊಟ್ಟೆ ಹಿಡಿದುಕೊಂಡು ಪಡಸಾಲೆಯಿಂದ ಎದ್ದು ಬಂದಳು. ನಾನು ಒಲೆ ಹಚ್ಚುತ್ತಿದ್ದೆ. ಗೋಡೆಗೆ ಆನಿಕೊಂಡು ನನ್ನತ್ತ ಬೆರಳು ಮಾಡಿದಳು.

"ನಿನ್ನಿ ಸಾರಿನಾಗ ಏನ ಹಾಕಿದಿ? ನನ್ನೂ ಕಳಸಾಕ ನಿಂತಿ?"

ನಾನು ಅವಳ ಮಾತು ಕೇಳಲಿಲ್ಲ, ಕಣ್ಣು ನೋಡಿದೆ. ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ನನ್ನನ್ನು ನೋಡಲು ತಲೆಯನ್ನೇ ಹಿಂದಕ್ಕೆ ಎತ್ತುತ್ತಿದ್ದಳು. "ನಾಲಿಗಿ ಹೊರಗ ಚಾಚು ಅಕ್ಕಾ" ಎಂದೆ. ಚಾಚಲಾಗಲಿಲ್ಲ. ಎಂಜಲು ಇಳಿಯುತ್ತಿತ್ತು. ಎಲ್ಲವೂ ಡಾಕ್ಟರು ಹೇಳಿದ ಹಾಗೆಯೇ, ಒಂದೂ ತಪ್ಪಿಲ್ಲ. ನನಗೆ ಎದೆ ತುಂಬಿ ಬಂತು. ನೋಡಿರಿ, ಎಲ್ಲರೂ ಬಂದು ನೋಡಿರಿ ಎಂದು ಕೂಗಬೇಕೆನಿಸಿತು.

ಕೂಗಿಯೂ ಕೂಗಿದೆ: "ಭಾವಾರ, ಗಾಡಿ ಕಟ್ರಿ! ಕಟ್ಟುಹಾವು ಕಡದೈತಿ!"

ಭಾವ ಅವಳ ಕೈಕಾಲು ತಿರುಗಿಸಿ ನೋಡಿದರು. ಗುರುತಿಲ್ಲ. ದೇವರ ಹೇಳಿಕೆ ಕೇಳಿಸೋಣ ಎಂದರು ಯಾರೋ. ಮಜ್ಜಿಗೆ ಕುಡಿಸಲು ಬಂದರು ಇನ್ನೊಬ್ಬರು. ನಾನು ಲೋಟ ಕಸಿದು ಎಸೆದೆ, ನುಂಗಲಾಗದವಳಿಗೆ ಉಸಿರು ಕಟ್ಟುತ್ತದೆ ಎಂದು. ಕೊನೆಗೆ ದೊಡ್ಡ ಮಗಳು ಅಪ್ಪನ ಕಾಲು ಹಿಡಿದು ಅತ್ತ ಮೇಲೆ ಗಾಡಿ ಹೊರಟಿತು.

ನಡುದಾರಿಯಲ್ಲಿ ಹೊಳೆವ್ವನ ಕಣ್ಣು ಪೂರಾ ಮುಚ್ಚಿದವು. ಕರೆದರೆ ಓಗೊಡಲಿಲ್ಲ, ಚಿವುಟಿದರೆ ಅಲುಗಲಿಲ್ಲ. ಭಾವ ಮೂಗಿನ ಹತ್ತಿರ ಕೈ ಹಿಡಿದು ನೋಡಿ ಹೇಳಿದರು:

"ಮುಗೀತು. ಗಾಡಿ ತಿರುಗಸ್ರಿ."

"ಉಸರೈತಿ ಭಾವಾರ! ಹೊಟ್ಟಿ ನೋಡ್ರಿ, ಏಳಾಕತ್ತೈತಿ."

"ಕೈ ತಗಿ ನೀ! ನನ್ನ ತಮ್ಮನ್ನ ತಿಂದಿ, ಈಗ ಈಕಿನ್ನ. ಈಕಿನ್ನ ಮಣ್ಣ ಮಾಡಿ ನೆಟ್ಟಗ ಸ್ಟೇಷನ್ನಿಗೆ ಹೋಗ್ತೇನಿ, ತಿಳಕೋ."

ನಾನು ಕೈ ತೆಗೆಯಲಿಲ್ಲ. ಉಸಿರು ನಿಲ್ಲದಿರಲೆಂದು, ಡಾಕ್ಟರು ಒಮ್ಮೆ ತೋರಿಸಿದ್ದ ಹಾಗೆ ಅವಳ ತೋಳುಗಳನ್ನು ತಲೆಯ ಮೇಲಕ್ಕೆ ಎತ್ತುವುದು, ಮಡಚಿ ಎದೆಗೆ ಒತ್ತುವುದು, ಮತ್ತೆ ಎತ್ತುವುದು, ಮತ್ತೆ ಒತ್ತುವುದು. ಸಿಟ್ಟಿನಲ್ಲಿ ಅವಳ ಮೇಲೆ ಬಾಗಿ ಏನೋ ಅಂದೆ. ಗಾಡಿಯವನು ಅವಳ ಹೊಟ್ಟೆ ಏಳುವುದನ್ನು ಕಂಡು ಎತ್ತುಗಳನ್ನು ಮುಂದಕ್ಕೇ ಹೊಡೆದ. ಡಾಂಬರು ರಸ್ತೆಗೆ ಬಂದಾಗ ನಾಟಾ ಲಾರಿ ಸಿಕ್ಕಿತು. ಚಾಲಕ ತುಂಬಿದ ಲಾರಿಯನ್ನು ಗುಂಡಿ ನೋಡದೆ ಓಡಿಸಿದ.

ಡಾಕ್ಟರು ನೋಡಿದ ಕೂಡಲೇ ಹಾವಿನ ವಿಷ ಇಳಿಸುವ ಸೀರಂ ಚುಚ್ಚಿದರು. ಇದ್ದದ್ದನ್ನೆಲ್ಲ ಹಾಕಿದ್ದಾರೆ. ಈಗ ಕಂಪೌಂಡರು ಅವಳ ತೋಳು ಎತ್ತಿ ಎದೆ ಒತ್ತಿ ಉಸಿರಾಡಿಸುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ನನ್ನ ಪಾಳಿ.

ಡಾಕ್ಟರು ಹೇಳಿದ ಲಕ್ಷಣಗಳನ್ನೆಲ್ಲ ಮತ್ತೊಮ್ಮೆ ತಾಳೆ ನೋಡಿದೆ. ಎಲ್ಲ ಸರಿ. ಹೊಳೆವ್ವನ ಮಕ್ಕಳು ಮನೆಯಲ್ಲಿ ಯಾರ ಹತ್ತಿರ ಇದ್ದಾರೋ ಕೇಳಲು ಮರೆತೆ.

೨೪ ಸೆಪ್ಟೆಂಬರ್

ಊರಿನಿಂದ ನಾಲ್ವರು ಗಡಿಗೆ ಹೊತ್ತು ಬಂದರು. ಭತ್ತದ ಚೀಲ ಎತ್ತಿ ನೋಡಿದರೆ ಹಾವು ಅಡಿಯಲ್ಲೇ ಇತ್ತಂತೆ, ಹೊಡೆದು ತಂದಿದ್ದರು. ನಾನೇ ಗಡಿಗೆಯಿಂದ ತೆಗೆದು ಬೆನ್ನು ಸವರಿದೆ. ಆರು ಮೂಲೆಯ ದೊಡ್ಡ ಹುರುಪೆ. ಬಾಲದ ಕಡೆಗೆ ಜೋಡಿ ಪಟ್ಟಿ. ಕಟ್ಟುಹಾವು.

"ನಾ ಹೇಳಿದ್ನಿಲ್ಲ?" ಎಂದು ಭಾವನ ಮುಖ ನೋಡಿದೆ.

ಅವರು ನನ್ನ ಕೈಯಲ್ಲಿದ್ದ ಹಾವನ್ನು ನೋಡುತ್ತಿದ್ದರು. "ಎಷ್ಟ ಸಲೀಸಾಗಿ ಹಿಡೀತಿ. ಯಾವ ಹಾವು, ಎಲ್ಲೈತಿ, ಎಲ್ಲಾ ಗೊತ್ತು ನಿನಗ. ತಂದ ಬಿಟ್ಟಾಕಿನೂ ನೀನ."

ಬಂದವರು ಹೌದೆಂದು ತಲೆಯಾಡಿಸಿದರು. ಪುರಾವೆ ಸಿಕ್ಕರೆ ಮುಗಿಯಿತು ಎಂದುಕೊಂಡಿದ್ದೆ. ಈಗ ಪುರಾವೆಯೇ ನನ್ನ ಕುತ್ತಿಗೆಗೆ ಬಂದಿದೆ. ಪೊಲೀಸ್ ಜಮಾದಾರ ಬಂದು ಗಿರಿಜಾ ಎಂದು ನನ್ನ ಹೆಸರು, ತವರಿನ ಹೆಸರು ಬರೆದುಕೊಂಡು ಹೋದ. ಹೊಳೆವ್ವ ಸತ್ತರೆ ಕರೆದುಕೊಂಡು ಹೋಗುತ್ತಾರೆ.

ಎದೆ ಒತ್ತುವುದು ನಡೆದಿದೆ.

೨೫ ಸೆಪ್ಟೆಂಬರ್

ಉಸಿರು ತಾನಾಗಿ ಬಂತು. ಕಣ್ಣಿಲ್ಲ, ಮಾತಿಲ್ಲ.

೨೭ ಸೆಪ್ಟೆಂಬರ್

ಹೊಳೆವ್ವ ಮಾತಾಡಿದಳು.

ಬೆಳಿಗ್ಗೆ ಬಾಯಿ ಒರೆಸುತ್ತಿದ್ದಾಗ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಮೊದಲು ನೀರು ಕೇಳಿದಳು. ಭಾವ ಓಡಿ ಬಂದರು. ಅವರನ್ನು ನೋಡಿ ಮುಖ ಆಚೆ ತಿರುಗಿಸಿದಳು.

"ತಿರುಗಸ್ರಿ ಅಂದಿ ನೀ. ಗಾಡಿ ತಿರುಗಸ್ರಿ ಅಂದಿ."

ಭಾವ ಬೆಪ್ಪಾಗಿ ನಿಂತರು. "ನಿನಗ... ಹೆಂಗ ಗೊತ್ತು?"

"ಎಲ್ಲಾ ಕೇಳತಿತ್ತು. ಕಣ್ಣ ತೆರಿಯಾಕ ಬರತಿರಲಿಲ್ಲ, ಅಷ್ಟ. ಇರವಿ ಕಡದರ ಗೊತ್ತಾಗತಿತ್ತು, ಕೈ ಎತ್ತಾಕ ಆಗತಿರಲಿಲ್ಲ. ನೀ ನನ್ನ ಮಣ್ಣ ಮಾಡೂ ಮಾತ ಆಡಿದಿ."

ಭಾವ ಹೊರಗೆ ಹೋದರು. ಜಮಾದಾರ ಬಂದಾಗ ಹೊಳೆವ್ವ ತೊದಲುತ್ತಲೇ ಹೇಳಿದಳು: ಆ ರಾತ್ರಿ ಕಾಲ ಮೇಲೆ ಏನೋ ತಣ್ಣಗೆ ಹರಿದದ್ದು ನಿದ್ದೆಗಣ್ಣಲ್ಲಿ ಗೊತ್ತಾಗಿತ್ತು, ಇಲಿಯೆಂದು ಒದ್ದಿದ್ದಳು. ಗಿರಿಜಾ ಒಳಗೆ ಮಕ್ಕಳ ನಡುವೆ ಮಲಗಿದ್ದಳು. ಜಮಾದಾರ ಬರೆದುಕೊಂಡ. ಅಲ್ಲಿಗೆ ಮುಗಿಯಿತು. ನನ್ನ ಹೆಸರಿಗೆ ಅಂಟಿದ್ದು ಹೋಯಿತು.

ಅವನು ಹೋದ ಮೇಲೆ ಹೊಳೆವ್ವ ನನ್ನ ಕೈ ಹಿಡಿದುಕೊಂಡಳು. "ನೀ ಏನ ಅಂದಿ ನೆನಪೈತೇನ? ಸಾಯಬ್ಯಾಡ ನೀ, ನೀ ಸತ್ತರ ನನ್ನ ಮಾತ ಯಾರೂ ನಂಬೂದಿಲ್ಲ, ಅಂದಿ. ನಿನ್ನ ಸಲುವಾಗಿ ಅಲ್ಲ, ನನ್ನ ಸಲುವಾಗಿ ಬದುಕು ಅಂದಿ."

ನನಗೆ ನೆಲ ನೋಡುವಂತಾಯಿತು.

"ಇರ್ಲಿ ಬಿಡು. ಅದೊಂದ ಮಾತ ಹಿಡಕೊಂಡ ಇದ್ನಿ. ನಾ ಇರಬೇಕು ಅಂದಾಕಿ ನೀ ಒಬ್ಬಾಕಿ."

ಇಬ್ಬರಿಗೂ ಒಂದೇ ಸಲಕ್ಕೆ ಹೊಳೆದಿರಬೇಕು. ಅವಳೇ ಬಾಯಿಬಿಟ್ಟಳು.

"ಹಂಗಾರ... ಮಾಸ್ತರಗೂ ಕೇಳಿರತೈತಿ."

೨೮ ಸೆಪ್ಟೆಂಬರ್

ಡಾಕ್ಟರನ್ನು ಕೇಳಿದೆ. ಉಸಿರು ನಿಂತ ಮೇಲೆ ಹೆಚ್ಚು ಹೊತ್ತಿಲ್ಲ, ಜೀವ ಇಟ್ಟುಕೊಂಡು ಮಣ್ಣಿಗೆ ಹೋಗಲಿಲ್ಲ, ಅದಕ್ಕೆ ಹೆದರಬೇಡಿ ಎಂದರು.

"ಅದಕ್ಕ ಮೊದಲ?"

ಅವರು ಕನ್ನಡಕ ತೆಗೆದು ಒರೆಸಿದರು. "ಕೇಳಿರಬಹುದು."

ಅರ್ಧ ದಿನ. ಅವರ ಮೈಯ ಮೇಲಿನಿಂದ ನಾವಿಬ್ಬರೂ ಜಗಳಾಡಿದೆವು. ಕೈ ಹಿಡಿದು ಯಾರೂ ಕೂಡಲಿಲ್ಲ. ಆ ಸಿದ್ದಿ ಏನ ಬೆರೆಸಿ ಕೊಟ್ಟಾಳೋ ಎಂದೆನಲ್ಲ, ಆಗ ಅವರ ಎದೆ ಏಳುತ್ತಿತ್ತು. ನನ್ನಿಂದ ಅವರು ಕೇಳಿದ ಕೊನೆಯ ಮಾತು ಅದು.

೪ ಅಕ್ಟೋಬರ್

ಬರೆಯಲಾಗುತ್ತಿಲ್ಲ.

೧೧ ಅಕ್ಟೋಬರ್

ಊರ ಹಿರಿಯರು ಕಟ್ಟೆಯ ಮೇಲೆ ಕೂತಿದ್ದಾಗ ಹೋಗಿ ಹೇಳಿದೆ: ಅಣಬೆ ಚಲೋ ಇದ್ದವು, ನಾನೂ ತಿಂದಿದ್ದೆ, ಅಗ್ನೆಸ್‌ಳದು ಏನೂ ತಪ್ಪಿಲ್ಲ, ಅವಳ ಹೆಸರು ಎತ್ತಿದವಳು ನಾನು.

"ಹಾವು ಅಂತ ಗೊತ್ತಾತಲ್ಲವಾ. ಇನ್ನ ಯಾಕ ಆ ಮಾತು?" ಎಂದರು. ಎಲೆ ಅಡಿಕೆ ಹಾಕಿಕೊಂಡರು. ಗುಡಿಸಲು ಕಿತ್ತವರು ಯಾರೆಂದು ಯಾರೂ ಕೇಳಲಿಲ್ಲ. ಅದರ ಜಾಗದಲ್ಲಿ ಈಗ ಯಾರೋ ಗೊಬ್ಬರದ ಗುಂಡಿ ತೋಡಿದ್ದಾರೆ.

೧೬ ಅಕ್ಟೋಬರ್

ಸೂಪಾದ ಆಚೆ ಕೂಪಿಗೆ ಹೋಗಿ ಬಂದೆ. ಬಿದಿರಿನ ಲಾರಿಯಲ್ಲಿ, ಕಾಡಿನ ದಾರಿ. ಅಗ್ನೆಸ್ ಸೊಪ್ಪಿನ ಜೋಪಡಿಯ ಮುಂದೆ ಬಿದಿರು ಸೀಳುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ಬಹಳ ಇಳಿದುಹೋಗಿದ್ದಾಳೆ. ಸಂತಾನನ ತಾಯಿ ಇಲ್ಲಿಗೆ ಬರುವ ದಾರಿಯಲ್ಲೇ ಮಳೆಯಲ್ಲಿ ತೀರಿಕೊಂಡಳಂತೆ. ಕ್ರಿಸ್ತಿನಾ ಬಿದಿರಿನ ಹೊರೆ ಹೊರುತ್ತಿದ್ದಳು.

ಹಾವಿನ ವಿಷಯ, ಡಾಕ್ಟರು ಹೇಳಿದ್ದು, ಕಟ್ಟೆಯ ಮೇಲೆ ನಾನು ಆಡಿದ ಮಾತು, ಎಲ್ಲ ಹೇಳಿದೆ. ಅವಳು ಕತ್ತಿ ನಿಲ್ಲಿಸದೆ ಕೇಳಿದಳು.

"ನಾ ನಿಮ್ಮ ಹಿತ್ತಲದಾಗ ನಿಂತಾಗ ನಿಮಗ ಗೊತ್ತಿತ್ತು ಬಾಯಾರ, ಅಣಬಿ ಚಲೋ ಅದಾವ ಅಂತ. ನಿಮ್ಮ ಹೊಟ್ಟ್ಯಾಗನೂ ಅವ ಇದ್ವು. ಅದಕ್ಕ ಡಾಕ್ಟರ ಹೇಳಬೇಕಿತ್ತೇನ?"

ಸಂಜೆಯ ಲಾರಿ ಬರುವವರೆಗೆ ಅಲ್ಲಿಯೇ ಕೂತಿದ್ದೆ. ಅವಳು ಹೋಗೆಂದೂ ಅನ್ನಲಿಲ್ಲ, ಇರೆಂದೂ ಅನ್ನಲಿಲ್ಲ. ಜೋಪಡಿಯಲ್ಲಿ ಎಲ್ಲರೂ ನೆಲದ ಮೇಲೇ ಮಲಗುತ್ತಾರೆ. ಹೊರಡುವ ಮೊದಲು ಸಂತಾನನಿಗೆ ಅದನ್ನು ಹೇಳಿದೆ. ಬಿದಿರಿಗೆ ಬರವಿಲ್ಲ, ಅಟ್ಟಣಿಗೆ ಕಟ್ಟಿಕೊಳ್ಳುತ್ತೇನೆ ಎಂದ.

೨ ನವೆಂಬರ್

ದವಾಖಾನೆಯಲ್ಲಿ ಆಯಾ ಕೆಲಸಕ್ಕೆ ನಿಂತಿದ್ದೇನೆ. ಹಿಂದಿನ ಕೋಣೆಯಲ್ಲಿ ವಾಸ. ಹೊಳೆವ್ವ ಗಾಡಿಯವನ ಕೈಯಲ್ಲಿ ಅಕ್ಕಿ, ತುಪ್ಪ ಕಳಿಸಿದ್ದಳು. ಅವಳು ಗಂಡನ ಜೊತೆ ಮಾತಾಡುವುದಿಲ್ಲವಂತೆ.

೧೮ ನವೆಂಬರ್

ಇಂದು ಬೆಳಿಗ್ಗೆ ಮುಂಡಗೋಡದ ಕಡೆಯಿಂದ ಒಬ್ಬ ರೈತನನ್ನು ತಂದರು. ಅಡಿವೆಯ್ಯ ಎಂದು ಹೆಸರು. ಕಣದಲ್ಲಿ ಭತ್ತ ಕಾಯುತ್ತ ಮಲಗಿದ್ದನಂತೆ. ಮಂತ್ರ ಹಾಕಿಸಿ, ಬೇರು ಅರೆದು ಕುಡಿಸಿ, ಎಲ್ಲ ಮುಗಿಸಿ ಇಲ್ಲಿಗೆ ಬಂದಿದ್ದರು. ಕಣ್ಣು ಮುಚ್ಚಿತ್ತು, ಉಗುರು ನೀಲಿ. ಡಾಕ್ಟರು ಸೀರಂ ಹಾಕಿ ನನ್ನತ್ತ ನೋಡಿದರು. ಆ ನೋಟ ನನಗೆ ಈಗ ಅರ್ಥವಾಗುತ್ತದೆ.

ಮಂಚದ ಆಚೆ ಈಚೆ ನಿಂತು ಅವನ ಇಬ್ಬರು ಅಣ್ಣಂದಿರು ಕಚ್ಚಾಡುತ್ತಿದ್ದರು, ಕಣಕ್ಕೆ ಹೋಗೆಂದು ಹೇಳಿದವರು ಯಾರು ಎಂದು. ಹೆಂಡತಿ ಯಲ್ಲವ್ವ ಕಾಲ ಬಳಿ ಬಿದ್ದು ಎದೆ ಬಡಿದುಕೊಳ್ಳುತ್ತಿದ್ದಳು.

"ಹೊರಗ ಹೋಗಿ ಜಗಳಾಡ್ರಿ" ಎಂದೆ. "ಅವರಿಗೆ ಎಲ್ಲಾ ಕೇಳಾಕತ್ತೈತಿ."

ಅವರು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ಆದರೂ ಹೋದರು. ಯಲ್ಲವ್ವನನ್ನು ಎಬ್ಬಿಸಿ ತಲೆಯ ಹತ್ತಿರ ಕೂಡಿಸಿದೆ.

"ಅಳಬ್ಯಾಡವಾ. ಅವರ ಕಿವ್ಯಾಗ ಮಾತಾಡು."

"ಏನ ಮಾತಾಡ್ಲಿ?"

"ಏನಾರ. ದಿನಾ ಏನ ಮಾತಾಡತಿದ್ದಿ, ಅದನ್ನ."

ಅವಳು ಅವನ ಕಿವಿಗೆ ಬಾಗಿ, ಎಮ್ಮೆ ಇವತ್ತು ಒದೆಯದೆ ಹಾಲು ಕೊಟ್ಟಿತು ಎಂದಳು. ಸಣ್ಣವನು ನಿನ್ನೆಯಿಂದ ಎರಡು ಹೆಜ್ಜೆ ಇಡುತ್ತಾನೆ ಎಂದಳು. ಕಣ ಬಳಿದಾಯಿತು, ಈ ಸಲ ಭತ್ತ ಗಟ್ಟಿ ಇದೆ, ತವರಿಗೆ ಹೋಗುವಾಗ ಇಬ್ಬರೂ ಹೋಗೋಣ ಎಂದಳು. ನಾನು ಅವನ ತೋಳು ಎತ್ತುತ್ತಿದ್ದೆ, ಒತ್ತುತ್ತಿದ್ದೆ. ಡಾಕ್ಟರು ನಾಡಿ ಹಿಡಿದು ಕೂತಿದ್ದರು.

ಮಧ್ಯಾಹ್ನ ಡಾಕ್ಟರು ಅವನ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ನನಗೆ ಸನ್ನೆ ಮಾಡಿದರು. ನಾನು ತೋಳು ಬಿಟ್ಟೆ. ಯಲ್ಲವ್ವ ಅದನ್ನು ನೋಡಲಿಲ್ಲ. ಅವಳು ಗೋಡೆಗೆ ಸುಣ್ಣ ಹಚ್ಚುವ ಮಾತು ಹೇಳುತ್ತಿದ್ದಳು, ಯಾವ ಗೋಡೆ ಮೊದಲು ಎಂದು ಕೇಳುತ್ತಿದ್ದಳು.

ಡಾಕ್ಟರು ಏಳಲು ಹೋದರು. ನಾನು ಅವರ ತೋಳು ಮುಟ್ಟಿ ಕೂಡಿಸಿದೆ. ಅವಳು ಹೇಳಿ ಮುಗಿಸಲಿ ಎಂದು.